ಐದು ಬುರುಡೆ, ಒಂದು ಹಳೆಯ ಚಾರ್ಟು: ಮಾನವ ವಿಕಾಸದ ರೆಸಿನ್ ಸೆಟ್ ಕೊಳ್ಳುವವರಿಗೆ

ಕಾಲೇಜಿನ ಲ್ಯಾಬಿಗೆ ಮಾನವ ವಿಕಾಸದ ತಲೆಬುರುಡೆ ಸೆಟ್ ತರಿಸಬೇಕೆಂದಿರುವ ಜೀವಶಾಸ್ತ್ರದ ಶಿಕ್ಷಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ: ಬುರುಡೆಗಳನ್ನು ಕೊಳ್ಳಿ, ಜೊತೆಗೆ ಬರುವ ಚಾರ್ಟನ್ನು ಮಾತ್ರ ಗೋಡೆಗೆ ಹಚ್ಚಬೇಡಿ. ಯಾಕೆ ಎಂಬುದನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕಾಗಿದೆ.

ನಾನು ಗದಗದ ಒಂದು ಪಿಯು ಕಾಲೇಜಿನಲ್ಲಿ ಕಲಿಸುತ್ತೇನೆ. ದ್ವಿತೀಯ ಪಿಯು ಪುಸ್ತಕದಲ್ಲಿ ವಿಕಾಸದ ಅಧ್ಯಾಯದ ಕೊನೆಗೆ ಮನುಷ್ಯನ ಉಗಮ ಬರುತ್ತದೆ. ಹೋಮೋ ಹ್ಯಾಬಿಲಿಸ್ ಮೆದುಳು 650ರಿಂದ 800 ಸಿಸಿ, ಎರೆಕ್ಟಸ್ 900, ನಿಯಾಂಡರ್ತಾಲ್ 1400. ಮಕ್ಕಳು ಇಷ್ಟನ್ನು ಬಾಯಿಪಾಠ ಮಾಡುತ್ತಾರೆ, ಪರೀಕ್ಷೆಯಲ್ಲಿ ಬರೆಯುತ್ತಾರೆ, ಮರೆಯುತ್ತಾರೆ. ಕೈಯಲ್ಲಿ ಹಿಡಿದು ನೋಡುವಂಥ ವಸ್ತು ಒಂದು ಬೇಕು ಎಂದು ಬಹಳ ದಿನದಿಂದ ಪ್ರಾಚಾರ್ಯರಿಗೆ ಹೇಳುತ್ತಿದ್ದೆ. ಈ ಸಲ ಹಳೆಯ ವಿದ್ಯಾರ್ಥಿಗಳ ಒಂದು ಬ್ಯಾಚು ಲ್ಯಾಬಿಗೆಂದು ದುಡ್ಡು ಕೂಡಿಸಿ ಕೊಟ್ಟಿತು. ಹುಬ್ಬಳ್ಳಿಯ ಒಬ್ಬ ಡೀಲರಿನಿಂದ ಕೊಟೇಶನ್ ತರಿಸಿದೆವು. ಮಾಲು ಅಂಬಾಲಾ ಕಡೆಯದು. ನಮ್ಮ ಕಾಲೇಜುಗಳ ಲ್ಯಾಬ್ ಸಾಮಾನಿನಲ್ಲಿ ಬಹಳಷ್ಟು ಅಲ್ಲಿಂದಲೇ ಬರುತ್ತದೆ. ಜಿಎಸ್‌ಟಿ ಸೇರಿ 13,600 ರೂಪಾಯಿ ಆಯಿತು. ಡೀಲರ್, ತಯಾರಕರು ಇಬ್ಬರ ಹೆಸರನ್ನೂ ಇಲ್ಲಿ ಬರೆಯುವುದಿಲ್ಲ. ಇದೇ ಅಚ್ಚಿನ ಬುರುಡೆಗಳು ಬೇರೆ ಬೇರೆ ಹೆಸರಿನಲ್ಲಿ ಮಾರುಕಟ್ಟೆಯಲ್ಲಿವೆ, ಆದ್ದರಿಂದ ಏನನ್ನು ನೋಡಿ ಕೊಳ್ಳಬೇಕು ಎಂಬುದೇ ಮುಖ್ಯ.

ಪ್ಯಾಕಿಂಗ್ ಚೆನ್ನಾಗಿತ್ತು. ಥರ್ಮಾಕೋಲಿನಲ್ಲಿ ಒಂದೊಂದಕ್ಕೂ ಗುಳಿ ಕೊರೆದು ಕೂಡಿಸಿದ್ದರು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಪಾರ್ಸೆಲ್ ಬಂದರೂ ಒಂದು ಹಲ್ಲು ಸಹ ಮುಕ್ಕಾಗಿರಲಿಲ್ಲ.

ಸೆಟ್ಟಿನಲ್ಲಿ ಐದು ಬುರುಡೆಗಳಿವೆ: ಆಸ್ಟ್ರಲೋಪಿಥೆಕಸ್ ಆಫ್ರಿಕಾನಸ್, ಹೋಮೋ ಹ್ಯಾಬಿಲಿಸ್, ಹೋಮೋ ಎರೆಕ್ಟಸ್, ನಿಯಾಂಡರ್ತಾಲ್, ಹೋಮೋ ಸೇಪಿಯನ್ಸ್. ಎಲ್ಲವೂ ಟೊಳ್ಳು ರೆಸಿನ್, ಮೇಲೆ ಎಲುಬಿನ ಬಣ್ಣ. ಕೆಳದವಡೆಗೆ ಸ್ಪ್ರಿಂಗ್ ಹಾಕಿದ್ದಾರೆ, ಬಿಚ್ಚಿ ತೆಗೆಯಬಹುದು. ಆಸ್ಟ್ರಲೋಪಿಥೆಕಸ್, ಹ್ಯಾಬಿಲಿಸ್ ಎರಡೂ ಸಾಧಾರಣ ಕೆಲಸ. ಆಕಾರ ಸರಿ ಇದೆ, ಆದರೆ ಮೂಳೆಯ ಹೊಲಿಗೆಗಳು ಅಚ್ಚಿನಲ್ಲಿ ಮಸುಕಾಗಿ ಹೋಗಿವೆ. ಎರೆಕ್ಟಸ್ ಬೀಜಿಂಗ್ ಬಳಿಯ ಝೌಕೌಡಿಯನ್ನಿನ ಬುರುಡೆಯನ್ನು ನೋಡಿ ಮಾಡಿದ್ದು. ಆ ಮೂಲ ಎಲುಬುಗಳು 1941ರಲ್ಲಿ ಯುದ್ಧದ ಗದ್ದಲದಲ್ಲಿ ಕಾಣೆಯಾದವು. ಇವತ್ತು ಜಗತ್ತಿನಲ್ಲಿ ಉಳಿದಿರುವುದು ಅವುಗಳ ಎರಕಗಳು ಮಾತ್ರ. ಇದನ್ನು ಹೇಳಿದ ಮೇಲೆ ಮಕ್ಕಳು ಆ ಬುರುಡೆಯನ್ನು ಹಿಡಿಯುವ ರೀತಿಯೇ ಬೇರೆಯಾಯಿತು.

ನಿಯಾಂಡರ್ತಾಲ್ ಮಾತ್ರ ಕೊಟ್ಟ ದುಡ್ಡಿಗೆ ನ್ಯಾಯ ಒದಗಿಸುವ ಕೆಲಸ. ಮುಂದಿನ ಹಲ್ಲುಗಳು ಸವೆದ ರೀತಿ ನೋಡಿದರೆ ಫ್ರಾನ್ಸಿನ ಲಾ ಫೆರಾಸಿಯಲ್ಲಿ 1909ರಲ್ಲಿ ಸಿಕ್ಕ ಬುರುಡೆಯ ಎರಕ ಇದು. ಎರಡು ಕಮಾನಾಗಿ ಮುಂದೆ ಚಾಚಿದ ಹುಬ್ಬಿನ ಮೂಳೆ, ಅಗಲವಾದ ಮೂಗಿನ ತೆರಪು, ಗದ್ದವೇ ಇಲ್ಲದ ದವಡೆ, ಹಿಂದಲೆಯ ಉಬ್ಬು, ಎಲ್ಲವೂ ಬೆರಳಿಗೆ ಸಿಗುತ್ತವೆ. ಕೊನೆಯ ದವಡೆಹಲ್ಲಿನ ಹಿಂದೆ ಒಂದು ಖಾಲಿ ಜಾಗ ಇರಬೇಕು, ನಿಯಾಂಡರ್ತಾಲರ ಗುರುತು ಅದು. ಅಗ್ಗದ ಎರಕಗಳಲ್ಲಿ ಅದನ್ನು ಮುಚ್ಚಿಬಿಟ್ಟಿರುತ್ತಾರೆ. ಇದರಲ್ಲಿ ಇದೆ. ಕೊಳ್ಳುವ ಮುಂಚೆ ದವಡೆ ಬಿಚ್ಚಿ ಆ ಜಾಗದಲ್ಲಿ ಕಡ್ಡಿ ಆಡಿಸಿ ನೋಡಿ. ಸೇಪಿಯನ್ಸ್ ಪಕ್ಕಕ್ಕೆ ಇಟ್ಟಾಗ ನಮ್ಮ ತಲೆ ದುಂಡಗೆ ಮೇಲೆದ್ದದ್ದು, ಅವರದ್ದು ಉದ್ದಕ್ಕೆ ಹಿಂದೆ ಸರಿದದ್ದು ಎಂಬುದನ್ನು ನಾನು ಹೇಳುವ ಮೊದಲೇ ಹುಡುಗರು ಹೇಳಿದರು.

ದೊಡ್ಡ ದೋಷ ಬುರುಡೆಯ ಬುಡದಲ್ಲಿದೆ. ಬೆನ್ನುಹುರಿ ಇಳಿಯುವ ದೊಡ್ಡ ರಂಧ್ರ ಎಲ್ಲಿದೆ ಎಂಬುದು ಈ ಇಡೀ ಪಾಠದ ಜೀವಾಳ. ನಾಲ್ಕು ಕಾಲಿನ ಪ್ರಾಣಿಯಲ್ಲಿ ಅದು ಹಿಂದಕ್ಕೆ ಇರುತ್ತದೆ, ನೆಟ್ಟಗೆ ನಡೆಯುವ ನಮ್ಮಲ್ಲಿ ಬುರುಡೆಯ ನಡುವಿಗೆ ಸರಿದಿದೆ. ಈ ಸೆಟ್ಟಿನ ಸೇಪಿಯನ್ಸ್ ಮತ್ತು ನಿಯಾಂಡರ್ತಾಲ್ ಎರಡರಲ್ಲಿ ರಂಧ್ರ ನಿಜವಾಗಿ ತೆರೆದಿದೆ. ಉಳಿದ ಮೂರರಲ್ಲಿ ಅಲ್ಲೊಂದು ತಗ್ಗು ಮಾಡಿ ಕಪ್ಪು ಬಣ್ಣ ಬಳಿದಿದ್ದಾರೆ. ಎರಡು ಕಾಲಿನ ನಡಿಗೆ ಕಲಿಸುವುದಕ್ಕೆ ಎಲ್ಲಕ್ಕಿಂತ ಹೆಚ್ಚು ಬೇಕಾದದ್ದು ಆಸ್ಟ್ರಲೋಪಿಥೆಕಸ್ಸಿನ ರಂಧ್ರ. ಅದನ್ನೇ ಮುಚ್ಚಿದ್ದಾರೆ.

ತೆರೆದ ಎರಡರಲ್ಲಿ ನವಣಿ ತುಂಬಿ ಅಳೆದೆವು. ನಮ್ಮ ಅಟೆಂಡರ್ ಕಾಕಾ ಮನೆಯಿಂದ ಎರಡು ಸೇರು ತಂದುಕೊಟ್ಟರು. ಸೇಪಿಯನ್ಸ್ ಬುರುಡೆ ಹಿಡಿದದ್ದು 1,050 ಮಿಲಿಲೀಟರ್, ನಿಯಾಂಡರ್ತಾಲ್ 1,180. ರೆಸಿನ್ ದಪ್ಪಗಿರುವುದರಿಂದ ಎರಡೂ ನಿಜಕ್ಕಿಂತ ಕಡಿಮೆ. ಲಾ ಫೆರಾಸಿಯ ಮೂಲ ಬುರುಡೆಯ ಗಾತ್ರ 1,600 ಸಿಸಿ ದಾಟುತ್ತದೆ. ಆದರೂ ಯಾವುದು ದೊಡ್ಡದು ಎಂಬುದು ಕಣ್ಣೆದುರಿಗೇ ತೀರ್ಮಾನವಾಯಿತು. ನವಣಿ ಉಕ್ಕಿ ಮೇಜಿನ ಮೇಲೆ ಚೆಲ್ಲಿದಾಗ ಹಿಂದಿನ ಬೆಂಚಿನ ಹುಡುಗ, “ಮೇಡಂ, ಹಂಗಾರ ಇಂವ ದಡ್ಡ ಅಲ್ಲ ಬಿಡ್ರಿ” ಅಂದ. ಆ ಒಂದು ಮಾತಿಗೆ 13,600 ರೂಪಾಯಿ ಸಾರ್ಥಕ ಅನಿಸಿತು.

ಇನ್ನು ಚಾರ್ಟಿನ ವಿಷಯ.

ಸೆಟ್ಟಿನ ಜೊತೆ ಲ್ಯಾಮಿನೇಟ್ ಮಾಡಿದ ದೊಡ್ಡ ಹಾಳೆಯೊಂದು ಬರುತ್ತದೆ, ಇಂಗ್ಲಿಷ್ ಮತ್ತು ಹಿಂದಿಯಲ್ಲಿ. ಎಡತುದಿಗೆ ಬಾಗಿ ನಿಂತ ಕಪ್ಪು ಆಕೃತಿ. ಅಲ್ಲಿಂದ ಒಬ್ಬೊಬ್ಬರೂ ನೆಟ್ಟಗಾಗುತ್ತ, ಒಬ್ಬೊಬ್ಬರೂ ಬೆಳ್ಳಗಾಗುತ್ತ, ಬಲತುದಿಗೆ ಎತ್ತರದ ಬಿಳಿ ಗಂಡಸು. ಕೊನೆಯವನ ಹಿಂದೆ ನಿಯಾಂಡರ್ತಾಲ್. ಕೆಳಗೆ ಬರೆದದ್ದು: ಇವರು ಸಂತತಿಯಿಲ್ಲದೆ ನಾಶವಾದರು, ಇಂದಿನ ಮಾನವನಿಗೆ ಇವರ ಕೊಡುಗೆ ಏನೂ ಇಲ್ಲ.

ಹೀಗೆ ಬರೆದ ಮಾತು ಒಂದು ಕಾಲಕ್ಕೆ ವಿಜ್ಞಾನವೇ ಆಗಿತ್ತು. 1856ರಲ್ಲಿ ಜರ್ಮನಿಯ ನಿಯಾಂಡರ್ ಕಣಿವೆಯಲ್ಲಿ ಸಿಕ್ಕ ಎಲುಬಿನಿಂದಲೇ ಆ ಹೆಸರು ಬಂದದ್ದು. 1997ರಲ್ಲಿ ತಳಿವಿಜ್ಞಾನಿ ಸ್ವಾಂಟೆ ಪಾಬೊ ಮತ್ತು ಅವರ ಸಂಗಡಿಗರು ಅದರಲ್ಲಿದ್ದ ತೋಳಿನೆಲುಬಿನಿಂದ ಡಿಎನ್‌ಎ ತೆಗೆದರು. ಅವರಿಗೆ ಆಗ ಸಿಕ್ಕದ್ದು ಮೈಟೊಕಾಂಡ್ರಿಯದ ಡಿಎನ್‌ಎ ಮಾತ್ರ. ಅದು ಇವತ್ತಿನ ಯಾವ ಮನುಷ್ಯನ ಮೈಟೊಕಾಂಡ್ರಿಯಕ್ಕೂ ಹೊಂದಲಿಲ್ಲ. ಸಂಬಂಧ ಇಲ್ಲ ಎಂದು ಬಹುತೇಕರು ತೀರ್ಮಾನಿಸಿದರು. ಆದರೆ ಮೈಟೊಕಾಂಡ್ರಿಯ ಬರುವುದು ತಾಯಿಯಿಂದ ಮಾತ್ರ. ತಾಯಿಯ ತಾಯಿ, ಅವಳ ತಾಯಿ, ಒಂದೇ ಗೆರೆ. ಹತ್ತು ತಲೆಮಾರು ಹಿಂದಕ್ಕೆ ಹೋದರೆ ನಮಗೆ 1,024 ಪೂರ್ವಜರ ಜಾಗಗಳಿವೆ, ಮೈಟೊಕಾಂಡ್ರಿಯ ಹೇಳುವುದು ಅದರಲ್ಲಿ ಒಬ್ಬಳ ಸುದ್ದಿ. ಉಳಿದ 1,023ರ ಸುದ್ದಿ ಇರುವುದು ಜೀವಕೋಶದ ಕೇಂದ್ರದಲ್ಲಿ.

ಅದನ್ನು ಓದುವುದಕ್ಕೆ ಇನ್ನೂ ಹದಿಮೂರು ವರ್ಷ ಹಿಡಿಯಿತು. 2010ರ ಮೇ ತಿಂಗಳಲ್ಲಿ ಲೈಪ್‌ಜಿಗ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯಿಂದ ನಿಯಾಂಡರ್ತಾಲ್ ಜೀನೋಮಿನ, ಅಂದರೆ ಅವರ ಪೂರ್ತಿ ಡಿಎನ್‌ಎ ಬರಹದ, ಮೊದಲ ಕರಡು ಹೊರಬಂತು. ಕ್ರೊಯೇಷಿಯದ ವಿಂಡಿಜಾ ಗವಿಯ ಮೂರು ಎಲುಬಿನ ಚೂರುಗಳಿಂದ ಅದನ್ನು ಕೂಡಿಸಿದ್ದರು. ಅದನ್ನು ಇಂದಿನ ಐವರ ಜೊತೆ ಹೋಲಿಸಿದರು: ಆಫ್ರಿಕದ ಒಬ್ಬ ಸಾನ್ ಮತ್ತು ಒಬ್ಬ ಯೊರುಬಾ, ಒಬ್ಬ ಫ್ರೆಂಚ್, ಒಬ್ಬ ಚೀನೀ, ಒಬ್ಬ ಪಪುವಾದವರು. ಆಫ್ರಿಕದ ಇಬ್ಬರಿಗಿಂತ ಉಳಿದ ಮೂವರ ಡಿಎನ್‌ಎ ನಿಯಾಂಡರ್ತಾಲಿಗೆ ಹತ್ತಿರ ಇತ್ತು. ನನಗೆ ಬಹಳ ಹಿಡಿಸಿದ್ದು ಮುಂದಿನ ಮಾತು. ನಿಯಾಂಡರ್ತಾಲರು ಬದುಕಿದ್ದು ಯುರೋಪು, ಪಶ್ಚಿಮ ಮತ್ತು ನಡು ಏಷ್ಯಾದ ಕಡೆ. ಚೀನಾ, ಪಪುವಾಗಳಲ್ಲಿ ಅವರ ಎಲುಬು ಸಿಕ್ಕಿಲ್ಲ. ಆದರೂ ಫ್ರೆಂಚನಷ್ಟೇ ಚೀನೀಯನೂ, ಪಪುವಾದವನೂ ಹತ್ತಿರ ಇದ್ದರು. ಅಂದರೆ ಕೂಡಿಕೆ ಆದದ್ದು ಆಫ್ರಿಕದಿಂದ ಹೊರಬಿದ್ದ ಗುಂಪು ದಿಕ್ಕುದಿಕ್ಕಿಗೆ ಚದುರುವ ಮೊದಲು. 2024ರ ಅಧ್ಯಯನವೊಂದು ಅದನ್ನು ಸುಮಾರು 50,500ರಿಂದ 43,500 ವರ್ಷಗಳ ಹಿಂದಕ್ಕೆ ಇಟ್ಟಿದೆ. ಪಾಬೊ ಅವರಿಗೆ 2022ರಲ್ಲಿ ನೊಬೆಲ್ ಬಂತು. ಆಫ್ರಿಕದವರಲ್ಲೂ ನಿಯಾಂಡರ್ತಾಲ್ ಪಾಲು ಅಲ್ಪಸ್ವಲ್ಪ ಇದೆ ಎಂದು 2020ರಲ್ಲಿ ಗೊತ್ತಾಯಿತು. ಹೊರಗಿನಿಂದ ಮತ್ತೆ ಆಫ್ರಿಕಕ್ಕೆ ಮರಳಿದವರು ಅದನ್ನು ಒಯ್ದಿದ್ದರು.

ಆ ಚಾರ್ಟು ಮಾತ್ರ ಇನ್ನೂ 1997ರಲ್ಲೇ ನಿಂತಿದೆ. ಇವತ್ತಿಗೂ ಅದನ್ನೇ ಅಚ್ಚು ಹಾಕಿ ಹಳ್ಳಿಪಟ್ಟಣದ ಕಾಲೇಜುಗಳಿಗೆ ಕಳಿಸುವುದು ಸರಿಯಲ್ಲ. ದೊಡ್ಡ ಊರಿನ ಮಕ್ಕಳು ಬೇರೆ ಕಡೆ ಓದಿ ತಿದ್ದಿಕೊಂಡಾರು. ನಮ್ಮ ಲ್ಯಾಬಿನ ಗೋಡೆಯ ಮೇಲೆ ಇದ್ದದ್ದು ನಮ್ಮ ಮಕ್ಕಳ ಪಾಲಿಗೆ ಕೊನೆಯ ಮಾತು.

ಚಿತ್ರ ಅದಕ್ಕಿಂತ ಕೆಟ್ಟದ್ದು. ಕಲಘಟಗಿ ಕಡೆಯ ಒಬ್ಬ ಸಿದ್ದಿ ಹುಡುಗಿ ಹಾಸ್ಟೆಲಿನಲ್ಲಿದ್ದು ನಮ್ಮಲ್ಲಿ ಓದುತ್ತಾಳೆ. ಕಪ್ಪಿನಿಂದ ಬಿಳಿಗೆ ಏರುವ ಆ ಸಾಲನ್ನು ಅವಳ ಕಣ್ಣೆದುರಿಗೆ ವರ್ಷವಿಡೀ ನೇತುಹಾಕುವುದು ನನ್ನಿಂದ ಆಗದ ಮಾತು. ಸಿದ್ದಿಗಳ ಹಿರಿಯರನ್ನು ಆಫ್ರಿಕದಿಂದ ಗುಲಾಮರಾಗಿ ತಂದವರಲ್ಲಿ ಪೋರ್ಚುಗೀಸರು ಮುಖ್ಯರು. ಹೈದರಾಬಾದಿನ ಜೀವಕೋಶ ಮತ್ತು ಅಣುಜೀವಶಾಸ್ತ್ರ ಕೇಂದ್ರದ (ಸಿಸಿಎಂಬಿ) ವಿಜ್ಞಾನಿಗಳು 2011ರಲ್ಲಿ ಸಿದ್ದಿಗಳ ಡಿಎನ್‌ಎ ಓದಿ, ಹೆಚ್ಚಿನ ಪಾಲು ಆಫ್ರಿಕದ್ದು, ಜೊತೆಗೆ ಭಾರತದ್ದೂ ಯುರೋಪಿನದ್ದೂ ಸೇರಿದೆ ಎಂದು ತೋರಿಸಿದರು. ಆಫ್ರಿಕದ ಪಾಲು ಹೆಚ್ಚಿದ್ದವರಲ್ಲಿ ನಿಯಾಂಡರ್ತಾಲ್ ಪಾಲು ಕಡಿಮೆ ಇರುತ್ತದೆ. ಅಂದರೆ ಆ ಚಾರ್ಟಿನಲ್ಲಿ ಬಲತುದಿಗೆ ನಿಲ್ಲಿಸಿದ ಬಿಳಿಯನ ಮೈಯಲ್ಲೇ ಅವನ ಹಿಂದೆ ನಿಲ್ಲಿಸಿದವನ ಅಂಶ ಇದೆ. ಚಿತ್ರ ಬರೆದವರ ಸಾಲು ಅವರದೇ ಲೆಕ್ಕದಲ್ಲಿ ನಿಲ್ಲುವುದಿಲ್ಲ. ನಾನು ತರಗತಿಯಲ್ಲಿ ಇದನ್ನು ಯಾರ ಹೆಸರನ್ನೂ ಎತ್ತದೆ ಹೇಳಿದೆ. ಹೇಳಲೇಬೇಕಿತ್ತು.

ಆಮೇಲೆ ಆ ಹಾಳೆಯನ್ನೇ ಪಾಠಕ್ಕೆ ಬಳಸಿದೆ. ನಿಯಾಂಡರ್ತಾಲ್ ಬುರುಡೆಯ ಚಿತ್ರವನ್ನು ಝೆರಾಕ್ಸಿನಲ್ಲಿ ದೊಡ್ಡದು ಮಾಡಿಸಿ 200 ಚೌಕಗಳಾಗಿ ಗೆರೆ ಎಳೆದು ಕತ್ತರಿಸಿದೆವು. ಕೆಲವು ಚೌಕಗಳನ್ನು ನಾನು ಮೊದಲೇ ತೆಗೆದಿಟ್ಟೆ. ಉಳಿದವನ್ನು ಡಬ್ಬಿಯಲ್ಲಿ ಹಾಕಿ, ಒಬ್ಬೊಬ್ಬರೂ ಕಣ್ಣುಮುಚ್ಚಿ ಮೂರು ಚೌಕ ಎತ್ತುವುದು, ನಂಬರ್ ಬರೆದುಕೊಂಡು ಮತ್ತೆ ಡಬ್ಬಿಗೆ ಹಾಕುವುದು. ಮೂರು ಅಂದರೆ ಶೇ. 1.5. ಆಫ್ರಿಕದ ಹೊರಗಿನ ಒಬ್ಬ ಮನುಷ್ಯನ ಜೀನೋಮಿನಲ್ಲಿ ಇರುವ ನಿಯಾಂಡರ್ತಾಲ್ ಪಾಲು ಹೆಚ್ಚೂಕಡಿಮೆ ಅಷ್ಟೇ, ಒಂದರಿಂದ ಎರಡು ಪರ್ಸೆಂಟ್. ಎಲ್ಲರೂ ತಮ್ಮ ನಂಬರುಗಳನ್ನು ಬೋರ್ಡಿನ ಮೇಲಿನ ದೊಡ್ಡ ಚಿತ್ರದಲ್ಲಿ ತುಂಬುತ್ತ ಹೋದರು. ಅರವತ್ತರ ಹತ್ತಿರ ಮಕ್ಕಳು. ಒಬ್ಬರ ಚೌಕ ಇನ್ನೊಬ್ಬರಿಗೂ ಬಂತು, ಕೆಲವು ಯಾರಿಗೂ ಬರಲಿಲ್ಲ. ಕೊನೆಗೆ ಅರ್ಧಕ್ಕಿಂತ ತುಸು ಹೆಚ್ಚು ಬುರುಡೆ ಬೋರ್ಡಿನ ಮೇಲೆ ಎದ್ದು ನಿಂತಿತ್ತು: ಒಂದು ಹುಬ್ಬು, ಅರ್ಧ ಮೂಗು, ಹಿಂದಲೆಯ ಉಬ್ಬು.

ಈ ಆಟ ನನ್ನ ಕಲ್ಪನೆಯಲ್ಲ, ಭಾರತದ ಮೇಲೆ ನಡೆದ ಕೆಲಸವೇ ಹೀಗಿದೆ. 2025ರಲ್ಲಿ ತಳಿವಿಜ್ಞಾನಿ ಪ್ರಿಯಾ ಮೂರ್ಜಾನಿ ಅವರ ತಂಡ ನಮ್ಮ ದೇಶದ ಬೇರೆ ಬೇರೆ ರಾಜ್ಯ, ಭಾಷೆ, ಜಾತಿ, ಬುಡಕಟ್ಟುಗಳ 2,762 ಜನರ ಪೂರ್ತಿ ಜೀನೋಮ್ ಓದಿದ ಫಲಿತಾಂಶ ಪ್ರಕಟಿಸಿತು. ಒಬ್ಬೊಬ್ಬರಲ್ಲಿ ಇರುವುದು ಒಂದೆರಡು ಪರ್ಸೆಂಟ್. ಆದರೆ ತುಂಡುಗಳು ಬೇರೆ ಬೇರೆ. ಇವರೆಲ್ಲರ ತುಂಡುಗಳನ್ನು ಜೋಡಿಸಿದಾಗ ನಿಯಾಂಡರ್ತಾಲ್ ಜೀನೋಮಿನ ಸುಮಾರು ಅರ್ಧ ಮತ್ತೆ ಕೂಡಿತು, ಡೆನಿಸೋವನ್ (ನಿಯಾಂಡರ್ತಾಲರ ಹಾಗೆಯೇ ಅಳಿದುಹೋದ ಇನ್ನೊಂದು ಮಾನವ ಗುಂಪು) ಜೀನೋಮಿನ ಸುಮಾರು ಐದರಲ್ಲಿ ಒಂದು ಭಾಗ. ಸುಮಾರು 40,000 ವರ್ಷಗಳ ಹಿಂದೆ ಕಣ್ಮರೆಯಾದ ಜನರ ಅರ್ಧ ಪುಸ್ತಕ ನಮ್ಮ ದೇಶದ ಮೈಯಲ್ಲಿ ಚದುರಿಕೊಂಡು ಇನ್ನೂ ಓದಲು ಸಿಗುತ್ತಿದೆ! ಇದನ್ನು ಹೇಳುವಾಗ ನನ್ನ ದನಿ ಏರುತ್ತದೆ, ಏರಲಿ. ನಾನು ಕಲಿಸುವ ವಿಷಯದಲ್ಲಿ ಇದರಷ್ಟು ದೊಡ್ಡ ಸುದ್ದಿ ಇನ್ನೊಂದಿಲ್ಲ.

ನಾನು ಮೊದಲೇ ತೆಗೆದಿಟ್ಟ ಚೌಕಗಳಿಗೂ ಅರ್ಥವಿದೆ. ನಮ್ಮ ಜೀನೋಮಿನ ಕೆಲವು ಜಾಗಗಳಲ್ಲಿ ಯಾರಲ್ಲಿಯೂ ನಿಯಾಂಡರ್ತಾಲ್ ತುಂಡು ಸಿಗುವುದಿಲ್ಲ. ವಿಜ್ಞಾನಿಗಳು ಅವನ್ನು ಮರುಭೂಮಿ ಎನ್ನುತ್ತಾರೆ. ಎಕ್ಸ್ ವರ್ಣತಂತುವಿನಲ್ಲಿ ಇವು ಹೆಚ್ಚು. ಮಾತಿಗೆ ಸಂಬಂಧಿಸಿದ ಫಾಕ್ಸ್‌ಪಿ2 ಜೀನ್ ಇರುವ 7ನೇ ವರ್ಣತಂತುವಿನ ಭಾಗದಲ್ಲೂ ಇದೆ. ಅಲ್ಲಿ ಬಂದ ತುಂಡುಗಳು ಮಕ್ಕಳಾಗುವುದಕ್ಕೋ ಬದುಕುವುದಕ್ಕೋ ತೊಡಕಾಗಿ ತಲೆಮಾರಿನಿಂದ ತಲೆಮಾರಿಗೆ ಅಳಿದುಹೋಗಿರಬೇಕು.

ಪ್ರಶ್ನೆಗಳು ಬಂದವು. “ಯಾವ ಜಾತ್ಯಾಗ ಹೆಚ್ಚ ಐತ್ರಿ ಮೇಡಂ?” ಇದು ಬಂದೇ ಬರುತ್ತದೆ, ತಯಾರಾಗಿರಿ. ನಾನು ಬೋರ್ಡಿನ ಚೌಕಗಳನ್ನೇ ತೋರಿಸಿದೆ. ಒಂದೇ ಬೆಂಚಿನ ಇಬ್ಬರಿಗೆ ಬೇರೆ ಬೇರೆ ಚೌಕ, ಎದುರುಬದುರು ಗೋಡೆಯ ಇಬ್ಬರಿಗೆ ಒಂದೇ ಚೌಕ. ಭಾರತದಲ್ಲಿ ಜಾತಿಯೊಳಗೇ ಮದುವೆಯಾಗುವ ಕಟ್ಟು ಬಿಗಿಯಾಗುವ ಮೊದಲು ಎಲ್ಲರೂ ಎಲ್ಲರ ಜೊತೆ ಬೆರೆತ ಕಾಲ ಒಂದಿತ್ತು. 2013ರ ಅಧ್ಯಯನ ಅದನ್ನು ಸುಮಾರು 4,200ರಿಂದ 1,900 ವರ್ಷಗಳ ಹಿಂದಿನದೆಂದು ಲೆಕ್ಕ ಹಾಕಿದೆ. ನಿಯಾಂಡರ್ತಾಲ್ ಕೂಡಿಕೆ ಅದಕ್ಕಿಂತ ಹತ್ತುಪಟ್ಟು ಹಳೆಯದು. ಆಗ ಯಾವ ಜಾತಿಯೂ ಇರಲಿಲ್ಲ. ಇದನ್ನು ಅಳುಕದೆ ಹೇಳಿ, ಮಕ್ಕಳು ಕೇಳಿಸಿಕೊಳ್ಳುತ್ತಾರೆ.

ಎರಡನೆಯ ಪ್ರಶ್ನೆ ಕಷ್ಟದ್ದು. ನಿಯಾಂಡರ್ತಾಲ್ ತುಂಡು ನಮಗೆ ಏನು ಮಾಡುತ್ತದೆ ಎಂದು ಹೇಳುವಾಗ ಕೋವಿಡ್ ವಿಷಯ ಬಂತು. 2020ರ ಸೆಪ್ಟೆಂಬರಿನಲ್ಲಿ ಹ್ಯೂಗೊ ಝೆಬರ್ಗ್ ಮತ್ತು ಪಾಬೊ ತೋರಿಸಿದ ಪ್ರಕಾರ, 3ನೇ ವರ್ಣತಂತುವಿನ ಸುಮಾರು 50,000 ಅಕ್ಷರಗಳ ಒಂದು ತುಂಡು ಇದ್ದವರಿಗೆ ಕೋವಿಡ್ ತೀವ್ರವಾಗುವ ಅಪಾಯ ಹೆಚ್ಚು, ಮತ್ತು ಆ ತುಂಡು ನಿಯಾಂಡರ್ತಾಲರಿಂದ ಬಂದದ್ದು. ಯುರೋಪಿನಲ್ಲಿ ಅದು ಇರುವುದು ಶೇ. 16ರಷ್ಟು ಜನರಲ್ಲಿ. ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ. ಮುಂದಿನ ವರ್ಷವೇ ಅದೇ ಇಬ್ಬರು 12ನೇ ವರ್ಣತಂತುವಿನಲ್ಲಿ ಇನ್ನೊಂದು ನಿಯಾಂಡರ್ತಾಲ್ ತುಂಡು ಗುರುತಿಸಿದರು. ಅದು ಕೋವಿಡ್‌ನಿಂದ ಕಾಪಾಡುವಂಥದ್ದು, ತೀವ್ರತೆಯ ಅಪಾಯವನ್ನು ಸುಮಾರು ಶೇ. 22ರಷ್ಟು ತಗ್ಗಿಸುತ್ತದೆ. ಬೆಟಗೇರಿಯ ಹುಡುಗಿಯೊಬ್ಬಳು ಎದ್ದು ನಿಂತಳು. ಎರಡನೇ ಅಲೆಯಲ್ಲಿ ಅವಳ ಅಜ್ಜ ತೀರಿಕೊಂಡಿದ್ದಾರೆ, ಮಗ್ಗದ ಮನೆ. “ನಮ್ಮ ಅಜ್ಜಗ ಅದ ತುಂಡು ಇತ್ತೇನ್ರಿ ಮೇಡಂ?” ಅಂದಳು. “ಇದ್ದಿದ್ರೂ ಇರಬಹುದವ್ವಾ, ಆದರ ಅದೊಂದರಿಂದ ಹೋದ್ರು ಅಂತ ಹೇಳಾಕ ಬರೂದಿಲ್ಲ” ಅಂದೆ. ಆ ತುಂಡಿಗಿಂತ ವಯಸ್ಸು ದೊಡ್ಡ ಕಾರಣ, ಸಕ್ಕರೆ ಕಾಯಿಲೆ, ಆಕ್ಸಿಜನ್ ಸಿಗುವುದು ಬಿಡುವುದು ಎಲ್ಲವೂ ಸೇರಿಕೊಳ್ಳುತ್ತವೆ ಎಂದು ಬಿಡಿಸಿ ಹೇಳಿದೆ. ಈ ಪಾಠ ಮಾಡುವವರು ಇಲ್ಲಿ ಅವಸರ ಮಾಡಬಾರದು. ಬೋರ್ಡಿನ ಮೇಲಿನ ಶೇಕಡಾ ಒಂದು ಮನೆಯ ಸಾವಿಗೆ ಉತ್ತರ ಅಲ್ಲ, ಮಕ್ಕಳು ಮಾತ್ರ ಹಾಗೆ ತೆಗೆದುಕೊಂಡು ಹೋಗುತ್ತಾರೆ.

ಡೆನಿಸೋವನ್ ಯಾರು ಎಂಬುದಕ್ಕೆ ಸೆಟ್ಟಿನಲ್ಲಿ ಉತ್ತರವಿಲ್ಲ. ಸೈಬೀರಿಯದ ಅಲ್ತಾಯ್ ಬೆಟ್ಟಗಳ ಡೆನಿಸೋವಾ ಗವಿಯಲ್ಲಿ 2008ರಲ್ಲಿ ಒಬ್ಬ ಹುಡುಗಿಯ ಕಿರುಬೆರಳಿನ ಎಲುಬಿನ ಚೂರು ಸಿಕ್ಕಿತು. 2010ರಲ್ಲಿ ಅದರ ಡಿಎನ್‌ಎ ಓದಿದಾಗ ಅದು ನಮ್ಮದೂ ಅಲ್ಲ, ನಿಯಾಂಡರ್ತಾಲರದ್ದೂ ಅಲ್ಲ. ಬುರುಡೆಯನ್ನು ನೋಡದೆ ಡಿಎನ್‌ಎಯಿಂದಲೇ ಒಂದು ಜನವನ್ನು ಗುರುತಿಸಿದ್ದು ಅದೇ ಮೊದಲು. ಅದೇ ಗವಿಯ ಇನ್ನೊಂದು ಎಲುಬಿನ ಡಿಎನ್‌ಎ 2018ರಲ್ಲಿ ಓದಿದರು. ಹದಿಹರೆಯದ ಆ ಹುಡುಗಿಯ ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೋವನ್. ತರಗತಿ ಇದನ್ನು ಕೇಳಿ ಒಂದು ಗಳಿಗೆ ಸುಮ್ಮನಾಯಿತು, ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು.

ಪಪುವಾದವರಲ್ಲಿ ಡೆನಿಸೋವನ್ ಪಾಲು ಶೇ. 4ರ ಆಸುಪಾಸು ಇದೆ. ನಮ್ಮ ಕಡೆಯವರಿಗೆ ಇನ್ನೂ ಹತ್ತಿರದ ಉದಾಹರಣೆ ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುವ ಟಿಬೆಟಿನವರು. ಮುಂಡಗೋಡದಲ್ಲಿ ಅವರ ಊರೇ ಇದೆ. ಎತ್ತರದ ಬಯಲಿನಲ್ಲಿ ಆಮ್ಲಜನಕ ಕಡಿಮೆ. ಅಲ್ಲಿಗೆ ಹೋದ ನಮ್ಮಂಥವರ ರಕ್ತ ಹಿಮೋಗ್ಲೋಬಿನ್ ಹೆಚ್ಚಿಸಿಕೊಂಡು ದಪ್ಪಗಾಗುತ್ತದೆ. ಟಿಬೆಟಿನವರಲ್ಲಿ ಹಾಗಾಗದಂತೆ ತಡೆಯುವ ಇಪಿಎಎಸ್1 ಜೀನಿನ ರೂಪವೊಂದಿದೆ, ಅದು ಡೆನಿಸೋವನ್ನರಿಂದ ಬಂದದ್ದು ಎಂದು 2014ರಲ್ಲಿ ತಿಳಿಯಿತು. ಟಿಬೆಟ್ ಪ್ರಸ್ಥಭೂಮಿಯ ಗವಿಯೊಂದರಲ್ಲಿ 1980ರಲ್ಲಿ ಬೌದ್ಧ ಭಿಕ್ಷುವೊಬ್ಬರಿಗೆ ಸಿಕ್ಕಿದ್ದ ದವಡೆ ಡೆನಿಸೋವನ್ನರದ್ದೇ ಎಂದು 2019ರಲ್ಲಿ ಪ್ರೋಟೀನಿನಿಂದ ಗುರುತಿಸಿದರು. ಮಕ್ಕಳಿಗೆ ಆ ಸ್ವೆಟರ್ ಅಂಗಡಿಗಳು ಗೊತ್ತು, ಮುಖಗಳು ಗೊತ್ತು. ಪಾಠ ಅಲ್ಲಿ ತಾನಾಗಿಯೇ ಹತ್ತಿರ ಬಂತು.

2025ರವರೆಗೆ ತಯಾರಕರನ್ನು ಡೆನಿಸೋವನ್ ಬುರುಡೆ ಕೇಳುವಂತಿರಲಿಲ್ಲ. ಈಗ ಕೇಳಬಹುದು. ಚೀನಾದ ಹಾರ್ಬಿನ್ನಿನಲ್ಲಿ 1933ರಲ್ಲಿ ಸೇತುವೆ ಕೆಲಸದ ಕೂಲಿಯಾಳೊಬ್ಬನಿಗೆ ಸಿಕ್ಕ ಬುರುಡೆಯನ್ನು ಅವನು ಬಾವಿಯಲ್ಲಿ ಬಚ್ಚಿಟ್ಟಿದ್ದ. ಸಾಯುವ ಮುಂಚೆ ಮನೆಯವರಿಗೆ ಹೇಳಿ, 2018ರಲ್ಲಿ ಅದು ವಿಜ್ಞಾನಿಗಳ ಕೈಸೇರಿತು. 2025ರಲ್ಲಿ ಚೀನಾದ ವಿಜ್ಞಾನಿ ಫು ಚಿಯಾವ್‌ಮೆಯ್ ಅವರ ತಂಡ ಅದರ ಹಲ್ಲಿನ ಕಿಟ್ಟದಿಂದ ಡಿಎನ್‌ಎ ತೆಗೆದು, ಡೆನಿಸೋವನ್ ಎಂದು ತೋರಿಸಿತು. ಮೆದುಳಿನ ಗಾತ್ರ 1,420 ಸಿಸಿ. ಹೊಸ ಸೆಟ್ಟಿಗೆ ಇದರ ಎರಕ ಸೇರಲೇಬೇಕು. ಇನ್ನೊಂದು ಕೊರತೆ ನನ್ನನ್ನು ಹೆಚ್ಚು ಕಾಡಿತು. ಭಾರತದಲ್ಲಿ ಮಾಡಿ ಭಾರತದ ಕಾಲೇಜುಗಳಿಗೆ ಮಾರುವ ಸೆಟ್ಟಿನಲ್ಲಿ ನರ್ಮದೆಯ ಬುರುಡೆ ಇಲ್ಲ. 1982ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣೆಯ ಅರುಣ್ ಸೊನಾಕಿಯಾ ಮಧ್ಯಪ್ರದೇಶದ ಹತ್ನೋರಾದಲ್ಲಿ ಪತ್ತೆ ಮಾಡಿದ ಆ ಅರ್ಧ ಬುರುಡೆಗೆ ಯಾವ ಹೆಸರು ಕೊಡಬೇಕು ಎಂಬ ವಾದ ಇನ್ನೂ ಮುಗಿದಿಲ್ಲ. ಮುಗಿಯದ ವಾದವೇ ವಿದ್ಯಾರ್ಥಿಗಳಿಗೆ ಒಳ್ಳೆಯದು. “ನಮ್ಮ ಕಡೆ ಸಿಕ್ಕದ್ದು ಏನೂ ಇಲ್ಲೇನ್ರಿ?” ಎಂದು ಕೇಳಿದವರಿಗೆ ಹಾವೇರಿ ಜಿಲ್ಲೆಯ ಹಳ್ಳೂರು ಹೇಳಿದೆ. ತುಂಗಭದ್ರೆಯ ದಂಡೆಯಲ್ಲಿ 1965ರಲ್ಲಿ ಎಂ. ಎಸ್. ನಾಗರಾಜ ರಾವ್ ಅಗೆಸಿದ ನವಶಿಲಾಯುಗ ಮತ್ತು ಕಬ್ಬಿಣಯುಗದ ನೆಲೆ ಅದು. ಆದರೆ ಅಲ್ಲಿನ ಕಾಲ ನಿಯಾಂಡರ್ತಾಲರಿಗಿಂತ ಬಹಳ ಈಚಿನದು, ನಮ್ಮ ಬಿಸಿಲಿನ ನೆಲದಲ್ಲಿ ಎಲುಬಿನ ಡಿಎನ್‌ಎ ಉಳಿಯುವುದೂ ಕಷ್ಟ. ಹರಿಯಾಣದ ಹರಪ್ಪಾ ಕಾಲದ ನೆಲೆ ರಾಖಿಗಢಿಯಲ್ಲಿ 60ಕ್ಕೂ ಹೆಚ್ಚು ಮಾದರಿ ಪರೀಕ್ಷಿಸಿ ಒಬ್ಬ ಹೆಂಗಸಿನ ಜೀನೋಮ್ ಪಡೆದದ್ದು 2019ರಲ್ಲಿ ಸುದ್ದಿಯಾಯಿತು, ಅದೇ ದೊಡ್ಡ ಸಾಧನೆ.

ಹಳೆಯ ಹಾಳೆ ಬೇಡವಾದ ಮೇಲೆ ಹೊಸದು ಬೇಕಿತ್ತು. ಗದಗ ಮುದ್ರಣಕಾಶಿ, ಅದಕ್ಕೆ ಕೊರತೆಯಿಲ್ಲ. ನಮ್ಮ ಚಿತ್ರಕಲೆಯ ಸರ್ ಬರೆದುಕೊಟ್ಟರು. ಅದರಲ್ಲಿ ಸಾಲು ಇಲ್ಲ. ಬೆಣ್ಣಿಹಳ್ಳಕ್ಕೆ ತುಪ್ಪರಿಹಳ್ಳ ಕೂಡಿ, ಎರಡೂ ಸೇರಿ ಮುಂದೆ ಮಲಪ್ರಭೆಗೆ ಇಳಿಯುವ ಹಾಗೆ, ಆಫ್ರಿಕದಿಂದ ಹೊರಟ ದೊಡ್ಡ ಹರಿವಿಗೆ ನಿಯಾಂಡರ್ತಾಲರ ಸಣ್ಣ ಹರಿವು ಕೂಡುತ್ತದೆ, ಇನ್ನೂ ಮುಂದೆ ಪೂರ್ವಕ್ಕೆ ಡೆನಿಸೋವನ್ನರದ್ದು ಕೂಡುತ್ತದೆ. ಮುಖಗಳಿಗೆ ನಾನು ಕೇಳಿದ್ದು ಒಂದೇ: ಬಣ್ಣದ ಏರುಪೇರು ಬೇಡ, ಹೆಂಗಸರೂ ಇರಲಿ. ಕನ್ನಡದಲ್ಲಿ ಅಚ್ಚಾಗಿ ಬಂತು, ಲ್ಯಾಮಿನೇಶನ್ ಸೇರಿ ಕೆಲವೇ ನೂರು ರೂಪಾಯಿ. ಈಗ ಬುರುಡೆಗಳ ಮೇಲಿನ ಗೋಡೆಗೆ ಅದೇ ಇದೆ.

ಡೀಲರಿಗೆ ಫೋನ್ ಮಾಡಿ ಎರಡೂ ದೋಷ ಹೇಳಿದೆ. ಮುಚ್ಚಿದ ರಂಧ್ರದ ಬಗ್ಗೆ ಅವರು ಸರಿಯಾಗಿ ಕೇಳಿಸಿಕೊಂಡು ತಯಾರಕರಿಗೆ ತಿಳಿಸುತ್ತೇನೆಂದರು. ಹಾಳೆಯ ಬಗ್ಗೆ, “ಅದು ಫ್ರೀ ಬರೂದ್ರಿ ಮೇಡಂ, ಯಾರೂ ಓದೂದಿಲ್ಲ” ಎಂದರು. ನಮ್ಮಲ್ಲಿ ಓದುತ್ತಾರೆ ಎಂದು ಹೇಳಿ, ತಪ್ಪು ಯಾವುದು, ಸರಿ ಯಾವುದು ಎಂದು ಪತ್ರ ಬರೆದು ಕಾಲೇಜಿನ ಸೀಲ್ ಹಾಕಿ ಕಳಿಸಿದ್ದೇನೆ. ನೀವೂ ಕೊಂಡರೆ ಹಾಗೇ ಬರೆಯಿರಿ. ನಾಲ್ಕು ಕಾಲೇಜುಗಳಿಂದ ಪತ್ರ ಹೋದರೆ ಅಚ್ಚು ಬದಲಾದೀತು.

ಪೂರ್ತಿ ಸೆಟ್ಟಿಗೆ ದುಡ್ಡಿಲ್ಲದವರು ಬಿಡಿಯಾಗಿ ಕೇಳಿ, ಕೊಡುತ್ತಾರೆ. ಎರಡೇ ಕೊಳ್ಳುವಂತಿದ್ದರೆ ನಿಯಾಂಡರ್ತಾಲ್, ಸೇಪಿಯನ್ಸ್ ಸಾಕು. ಮೂರನೆಯದಾಗಿ ಆಸ್ಟ್ರಲೋಪಿಥೆಕಸ್ ಬೇಕಿದ್ದರೆ ರಂಧ್ರ ತೆರೆದ ಅಚ್ಚು ಸಿಗುವ ತನಕ ತಡೆಯಿರಿ. ಸ್ಪ್ರಿಂಗುಗಳು ಬೇಗ ಸಡಿಲಾಗುತ್ತವೆ. ದವಡೆಯನ್ನು ಬಿಚ್ಚಿ ಬೇರೆ ಇಡಿ, ಮಕ್ಕಳ ಕೈಗೆ ಕೊಡುವಾಗ ಮಾತ್ರ ಜೋಡಿಸಿ.